ನಮ್ಮೂರಣ್ಣನ ಮನೆಗೆ ಅಕ್ಕ ಬಂದದ್ದು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಕೆಲಸದ ಜಾಗದಲ್ಲಿ ಯಾರಾದರೂ ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಲಿಫ್ಟ್ ರಿಪೇರಿಯವರ ಆ ಗುಂಪಿನಲ್ಲಿ ಹಿರಿಯ ಮೆಕ್ಯಾನಿಕ್ ಅವನೇ, ಮತ್ತು ಎಲ್ಲರ ಬಾಯಲ್ಲೂ ಅವನು ನಮ್ಮೂರಣ್ಣ.

ಹಾಗೆ ಕರೆಯಲು ಕಾರಣವಿತ್ತು. ಅವನು ಬಾಯಿ ತೆರೆದರೆ ಮೊದಲು ಉದುರುತ್ತಿದ್ದ ಮಾತು ‘ನಮ್ಮೂರಲ್ಲಿ’. ಲಿಫ್ಟಿನ ಉಕ್ಕಿನ ಹಗ್ಗ ಒರೆಸುತ್ತಾ, “ನಮ್ಮೂರಲ್ಲಿ ಯಾರ ಮನೆಗೂ ಬೀಗ ಇರಲಿಲ್ಲ” ಅನ್ನುವನು. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಬಾಟಲಿಯ ಮುಚ್ಚಳ ಕೀಳುತ್ತಾ, “ನಮ್ಮೂರಲ್ಲಿ ಒಬ್ಬರು ಕೆಮ್ಮಿದ್ರೆ ಪಕ್ಕದ ಮನೆಯಿಂದ ಬಿಸಿನೀರು ಬರ್ತಿತ್ತು” ಅನ್ನುವನು. ಇಪ್ಪತ್ತು ಮಹಡಿಯ ಕಟ್ಟಡದ ನೆತ್ತಿಯ ಮೇಲೆ ನಿಂತು, ಕೆಳಗೆ ಇರುವೆಗಳಂತೆ ಓಡಾಡುವ ಜನರನ್ನು ನೋಡಿ ನಿಟ್ಟುಸಿರು ಬಿಟ್ಟು, “ಪಾಪ, ಇವರಿಗೆಲ್ಲ ಊರೇ ಇಲ್ಲ” ಅಂದದ್ದೂ ಉಂಟು. ಆ ಜನರಲ್ಲಿ ಮುಕ್ಕಾಲು ಪಾಲು ಅವನಂತೆಯೇ ಯಾವುದೋ ಊರಿನಿಂದ ಬಂದವರು ಎಂಬುದು ಅವನ ತಲೆಗೆ ಹೊಳೆಯುತ್ತಿರಲಿಲ್ಲ.

ಕೆಲಸದವರಿಗೆ ಸಂಜೆಯಾದರೆ ಬಿಡುಗಡೆ ಇತ್ತು. ಮನೆಯವರಿಗೆ ಅದೂ ಇರಲಿಲ್ಲ. ಹೆಂಡತಿ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವವಳು, ಹುಟ್ಟಿದ್ದೂ ಬೆಳೆದದ್ದೂ ನಗರದಲ್ಲೇ. ಮಗಳು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರ್ ನೋಡುವವಳು. ಇಬ್ಬರೂ ನಮ್ಮೂರಣ್ಣನ ಊರಿನ ಬಗ್ಗೆ ಆ ಊರಿನವರಿಗಿಂತ ಹೆಚ್ಚು ಕೇಳಿದ್ದರು. ಇಷ್ಟು ಸಾಲದೆಂದು ಅವನು ಈಚೆಗೆ ಹೊಸದೊಂದು ಶುರು ಮಾಡಿದ್ದ. ಭಾನುವಾರ ಬಂತೆಂದರೆ ಎರಡನೆಯ ಮಹಡಿಯ ಅವರ ಮನೆ ಊರಿನ ಮನೆಯಾಗಬೇಕು. ಮೊಬೈಲುಗಳನ್ನು ಪಾತ್ರೆಯೊಂದಕ್ಕೆ ಹಾಕಿ ಮುಚ್ಚಬೇಕು. ಬೀದಿ ಬಾಗಿಲು ಹಾರುಹೊಡೆದಿರಬೇಕು. ಮಧ್ಯಾಹ್ನ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತು ಉಣ್ಣಬೇಕು. ಉಂಡಮೇಲೆ ಟೀವಿ ಹಾಕದೆ ಹರಟೆ ಹೊಡೆಯಬೇಕು. ಹರಟೆ ಎಂದರೆ ಅವನು ಹೇಳುವುದು, ಉಳಿದಿಬ್ಬರು ಆಕಳಿಸುವುದು.

ತೆರೆದ ಬಾಗಿಲಿನಿಂದ ಮೊದಲ ಭಾನುವಾರ ಒಳಗೆ ಬಂದದ್ದು ಕೆಳಗಿನ ಮನೆಯ ಬೆಕ್ಕು. ಅದು ಯಾರ ಅಪ್ಪಣೆಗೂ ಕಾಯದೆ ಹಾಲು ಕುಡಿದು, ಸೋಫಾದ ಮೇಲೆ ನಿದ್ದೆ ಮಾಡಿ, ಸಂಜೆ ಮೈಮುರಿದು ಎದ್ದು ಹೋಯಿತು.

“ನೋಡಿದ್ಯಾ? ನಮ್ಮೂರಲ್ಲಿ ಜನ ಹೀಗೇ ಬಂದು ಹೋಗ್ತಿದ್ರು” ಎಂದ ನಮ್ಮೂರಣ್ಣ.

“ಹಾಲು ಕುಡಿದ ಪಾತ್ರೆ ತೊಳೀತಿದ್ದಿದ್ದು ಯಾರು?” ಎಂದಳು ಹೆಂಡತಿ.

ಮುಂದಿನ ಭಾನುವಾರ ನೀರು ಶುದ್ಧ ಮಾಡುವ ಯಂತ್ರ ಮಾರುವವನು ಬಂದ. ಅವನ ಜೀವಮಾನದಲ್ಲೇ ಯಾವ ಮನೆಯ ಬಾಗಿಲೂ ಹಾಗೆ ತೆರೆದಿರಲಿಲ್ಲವೇನೋ. ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಬಂದು ಕೂತವನು, ಇವರ ಜೊತೆಯೇ ಊಟ ಮಾಡಿ, ತನ್ನ ಮನೆಯ ಕಷ್ಟಸುಖ ಹೇಳಿ, ಸಾಯಂಕಾಲದ ಚಹಾ ಕುಡಿದು ಎದ್ದ. ಯಂತ್ರ ಈಗ ಅಡುಗೆಮನೆಯ ಗೋಡೆಯ ಮೇಲಿದೆ.

“ಅಪ್ಪಾ, ನಿಮ್ಮೂರು ಅಷ್ಟು ಚೆನ್ನಾಗಿದ್ರೆ ನೀವ್ಯಾಕೆ ಹೋಗಲ್ಲ?” ಎಂದು ಮಗಳು ಒಮ್ಮೆ ಕೇಳಿದಳು.

“ಡ್ಯೂಟಿ ಇರತ್ತಲ್ಲಮ್ಮ” ಎಂದ ಅವನು. ಆ ಉತ್ತರ ಪೂರ್ತಿ ಸುಳ್ಳಲ್ಲ. ಮದುವೆಗೋ ಸಾವಿಗೋ ಅಪರೂಪಕ್ಕೆ ಹೋದರೂ ಬೆಳಗಿನ ಬಸ್ಸಿನಲ್ಲಿ ಇಳಿದು ಸಂಜೆಯ ಬಸ್ಸಿಗೆ ಮರಳುವ ಗಿರಾಕಿ ಅವನು.

ಹೆಂಡತಿಯ ತಾಳ್ಮೆ ಒಂದು ದಿನ ತೀರಿತು. “ರೀ, ನೀವು ಹೇಳಿದ್ದೆಲ್ಲ ನಾವು ತಪ್ಪು ತಪ್ಪಾಗಿ ಮಾಡ್ತಿರಬಹುದು. ಅತ್ತಿಗೇನ ಕರೆಸಿ. ಅವರಾದ್ರೆ ಸರಿಯಾಗಿ ಕಲಿಸ್ತಾರೆ” ಎಂದಳು. ಅವಳು ಹೇಳಿದ್ದು ವ್ಯಂಗ್ಯಕ್ಕೆ. ನಮ್ಮೂರಣ್ಣನ ಮುಖ ಮಾತ್ರ ದೀಪ ಹಚ್ಚಿದಂತಾಯಿತು.

ಅತ್ತಿಗೆ ಎಂದರೆ ನಮ್ಮೂರಣ್ಣನ ಅಕ್ಕ, ಒಬ್ಬಳೇ ಒಡಹುಟ್ಟಿದವಳು. ಊರಿನ ಹಳೆಯ ಮನೆಯಲ್ಲಿ ಭಾವನ ಜೊತೆ ಇದ್ದವಳು. ಆ ಮನೆಯನ್ನು ಅಪ್ಪ ಹೋದಮೇಲೆ ನಮ್ಮೂರಣ್ಣನೇ ದೊಡ್ಡ ಮನಸ್ಸು ಮಾಡಿ ಅಕ್ಕನ ಹೆಸರಿಗೆ ಬಿಟ್ಟುಕೊಟ್ಟಿದ್ದ. ಅಕ್ಕ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದು ನಿವೃತ್ತಳಾದವಳು. ಒಂದು ಕಾಲದಲ್ಲಿ ಊರಿನವರು ಯಾರ ಜೊತೆ ಮಾತಾಡಬೇಕಾದರೂ ಮೊದಲು ಅವಳ ಜೊತೆ ಮಾತಾಡಬೇಕಿತ್ತು. ವೈರು ಸಿಕ್ಕಿಸುವ ಮೊದಲೇ ಅವಳು, “ಅವರು ಮನೇಲಿಲ್ಲ, ಮಗಳ ಮನೆಗೆ ಹೋಗಿದ್ದಾರೆ, ಸಂಜೆ ಮಾಡಿ. ಅಂದಹಾಗೆ ನಿಮ್ಮ ಬೆನ್ನುನೋವು ಹೇಗಿದೆ?” ಎಂದು ಕೇಳಿಬಿಡುತ್ತಿದ್ದಳು.

ತಮ್ಮ ಫೋನ್ ಮಾಡಿದಾಗ ಅಕ್ಕ, “ನಾನೇ ಬರ್ಬೇಕು ಅಂತಿದ್ದೆ ಕಣೋ. ನಿನ್ನ ಹತ್ರ ಒಂದು ಮಾತಾಡೋದಿತ್ತು” ಎಂದಳು.

“ಏನಕ್ಕಾ?”

“ಬಂದು ಹೇಳ್ತೀನಿ ಬಿಡು.”

ಅಕ್ಕ ಬಸ್ಸಿನಿಂದ ಇಳಿದಾಗ ಕೈಯಲ್ಲಿ ಒಂದು ಚೀಲ, ಉಪ್ಪಿನಕಾಯಿಯ ಡಬ್ಬಿ, ಮತ್ತು ಅಷ್ಟು ಹೊತ್ತಿಗೆ ಪರಮ ಸ್ನೇಹಿತೆಯಾಗಿಬಿಟ್ಟಿದ್ದ ಪಕ್ಕದ ಸೀಟಿನ ಹೆಂಗಸು ಇದ್ದರು. ಆ ಹೆಂಗಸನ್ನು ಅವಳ ಮಗ ಬಂದು ಕರೆದುಕೊಂಡು ಹೋಗುವವರೆಗೆ ಅಕ್ಕ ಕದಲಲಿಲ್ಲ. ಬರುವ ದಾರಿಯುದ್ದಕ್ಕೂ ನಮ್ಮೂರಣ್ಣ ಅವಳಿಗೆ ಭಾನುವಾರದ ವಿಷಯವೆಲ್ಲ ಹೇಳಿದ. “ನೀನು ಬಂದಿದ್ದು ಒಳ್ಳೇದಾಯ್ತಕ್ಕ. ಇವರಿಗೆ ನಮ್ಮ ಮನೆತನ ಅಂದ್ರೇನು ಅಂತ ಸ್ವಲ್ಪ ತೋರಿಸು.”

ಅಕ್ಕ ಬಾಯಿ ಬಿಟ್ಟು ಏನೋ ಹೇಳಹೋದವಳು ಸಿಟಿ ಬಸ್ಸಿನ ಕಿಟಕಿಯ ಕಡೆ ತಿರುಗಿದಳು.

ಮನೆಗೆ ಬಂದ ಅಕ್ಕ ಕೈಕಾಲು ತೊಳೆದು ಮೊದಲು ಮಾಡಿದ ಕೆಲಸ ಸೋಫಾದ ಮೇಲೆ ಕಾಲು ಚಾಚಿದ್ದು. ಎರಡನೆಯದು, “ಅಬ್ಬಾ, ಸ್ವರ್ಗ” ಅಂದದ್ದು. ನೆಲದ ಮೇಲೆ ತಟ್ಟೆಗಳನ್ನು ಸಾಲಾಗಿ ಜೋಡಿಸಿದ್ದ ತಮ್ಮನನ್ನು ನೋಡಿ ಅವಳಿಗೆ ಗಾಬರಿಯಾಯಿತು.

“ಯಾಕೋ? ಮೇಜು ಮುರೀತಾ?”

“ಇಲ್ಲಕ್ಕ. ನಮ್ಮೂರಲ್ಲಿ ಸಾಲಾಗಿ ಕೂರ್ತಿದ್ವಲ್ಲ, ಹಾಗೆ.”

“ಅದು ನಿನ್ನ ಸಲುವಾಗಿ ಕಣೋ. ನೀನು ಪಕ್ಕದವರ ತಟ್ಟೆಗೆ ಕೈ ಹಾಕ್ತಿದ್ದೆ. ಸಾಲಿನ ತುದೀಲಿ ಕೂರಿಸಿದ್ರೆ ಒಂದು ಪಕ್ಕ ಮಾತ್ರ ಕಾದ್ರೆ ಸಾಕು ಅಂತ ಅಮ್ಮನ ಲೆಕ್ಕಾಚಾರ. ನನ್ನ ಮಂಡಿ ಮಡಚಲ್ಲಪ್ಪ, ನನಗೆ ಕುರ್ಚಿ ಕೊಡು.”

ಹೆಂಡತಿ ಅಡುಗೆಮನೆಗೆ ಓಡಿಹೋಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳಿಗೆ ಅಷ್ಟೂ ಸಂಕೋಚವಿರಲಿಲ್ಲ. “ಅತ್ತೆ, ನಿಮ್ಮ ಮನೇಲಿ ಬಾಗಿಲು ಹಾಕ್ತಾನೇ ಇರಲಿಲ್ವಂತೆ?” ಎಂದು ಕೆದಕಿದಳು.

“ಹಾಕೋದೆಲ್ಲಿಂದ ಬಂತು, ಚಿಲಕ ಮುರಿದಿತ್ತು. ಬಡಗೀನ ಕರೀತೀನಿ, ಕರೀತೀನಿ ಅಂತಲೇ ಅಪ್ಪ ಮುದುಕರಾದ್ರು. ನನ್ನ ಯಜಮಾನ್ರು ಬಂದ ಮೇಲೆ ಮೊದಲು ಹಾಕಿಸಿದ್ದೇ ಚಿಲಕ. ಆವತ್ತು ನಾನು ನೆಮ್ಮದಿಯಾಗಿ ಸ್ನಾನ ಮಾಡಿದೆ.”

“ಮತ್ತೆ, ಕೆಮ್ಮಿದ್ರೆ ಪಕ್ಕದ ಮನೆಯಿಂದ ಬಿಸಿನೀರು?”

“ಬರ್ತಿತ್ತು. ಬಿಸಿನೀರಿನ ಹಿಂದೆ ಆಕೇನೂ ಬರ್ತಿದ್ಲು. ಮಧ್ಯಾಹ್ನದೊಳಗೆ ಇವರ ಮನೇಲಿ ಯಾರಿಗೋ ಕ್ಷಯ ಅಂತ ಬೀದಿಗೆಲ್ಲ ಗೊತ್ತಾಗ್ತಿತ್ತು.”

ನಮ್ಮೂರಣ್ಣ ತಟ್ಟೆಯಲ್ಲಿ ಮುಖವಿಟ್ಟು ಉಂಡ. ತಾನೇ ಕರೆಸಿದ ಸಾಕ್ಷಿ ಎದುರು ಪಕ್ಷಕ್ಕೆ ಹೋಗಿ ಕೂತ ವಕೀಲನ ಮುಖ ಹೇಗಿರಬೇಕೋ ಹಾಗಿತ್ತು ಅವನ ಮುಖ.

ಆಮೇಲಿನ ದಿನಗಳಲ್ಲಿ ಅಕ್ಕ, ಹೆಂಡತಿ ಮತ್ತು ಮಗಳು ಮೂವರೂ ಒಂದಾದರು. ಅಕ್ಕ ಬಟ್ಟೆ ಒಗೆಯುವ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಬಟ್ಟೆ ತಿರುಗುವುದನ್ನು ಸಿನಿಮಾದಂತೆ ನೋಡಿದಳು. ಚೀಲದಿಂದ ಅಳತೆಯ ಟೇಪು ತೆಗೆದು ಅಡುಗೆಕಟ್ಟೆಯ ಎತ್ತರ, ಬಚ್ಚಲಿನ ಅಗಲ ಅಳೆದಳು. ಯಾಕೆಂದು ಕೇಳಿದರೆ, “ಸುಮ್ನೆ, ನೋಡೋಣ ಅಂತ” ಎನ್ನುವಳು. ಹಗಲು ಮನೆಯಲ್ಲಿ ಯಾರೂ ಇಲ್ಲದಾಗ ಕಟ್ಟಡದ ಮನೆಮನೆಯ ಗಂಟೆ ಒತ್ತಿ ಪರಿಚಯ ಮಾಡಿಕೊಂಡಳು. ಹತ್ತು ವರ್ಷದಿಂದ ಅಲ್ಲಿದ್ದ ನಮ್ಮೂರಣ್ಣನಿಗೆ ಎದುರುಮನೆಯವರು ಏನು ಕೆಲಸ ಮಾಡುತ್ತಾರೆಂದು ಗೊತ್ತಿರಲಿಲ್ಲ. ಅಕ್ಕನಿಗೆ ಅವರ ಮೂಲವ್ಯಾಧಿಯ ವಿಷಯವೂ ಗೊತ್ತಾಯಿತು.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಲಿಫ್ಟು. ಕೆಲಸವಿದ್ದರೂ ಇಲ್ಲದಿದ್ದರೂ ಮೇಲೆ ಕೆಳಗೆ ಓಡಾಡುವಳು. “ಇದರಲ್ಲಿ ವಯಸ್ಸಾದವರು ಒಬ್ಬರೇ ಹೋಗಬಹುದೇನೋ? ಕರೆಂಟು ಹೋದ್ರೆ ಏನು ಗತಿ?” ಎಂದು ರಾತ್ರಿಯ ಊಟದಲ್ಲಿ ತಮ್ಮನನ್ನು ಕೇಳುವಳು. ಅಕ್ಕನಿಗೆ ತನ್ನ ಕೆಲಸದ ಮೇಲೆ ಇಷ್ಟು ಅಭಿಮಾನವೇ ಎಂದು ನಮ್ಮೂರಣ್ಣನಿಗೆ ಮುನಿಸಿನ ನಡುವೆಯೂ ಹಿಗ್ಗಾಗುತ್ತಿತ್ತು. ಬ್ರೇಕು, ಮೋಟಾರು, ಹಗ್ಗ ಎಲ್ಲವನ್ನೂ ಚಮಚ ಲೋಟ ಜೋಡಿಸಿ ವಿವರಿಸುವನು.

ಭಾನುವಾರ ಬಂತು. ನಮ್ಮೂರಣ್ಣ ಹಟಕ್ಕೆ ಬಿದ್ದು ಬಾಗಿಲು ತೆರೆದಿಟ್ಟು, ಪಾತ್ರೆ ಹಿಡಿದುಕೊಂಡು ಮೊಬೈಲು ಕೂಡಿಸುತ್ತಿದ್ದ. ಅಕ್ಕ ತಾರಸಿಯಲ್ಲಿ ಒಣಹಾಕಿದ ಬಟ್ಟೆ ತರುತ್ತೇನೆಂದು, ತಿನ್ನಲಿಕ್ಕಿರಲಿ ಎಂದು ನಾಲ್ಕು ಕಿತ್ತಳೆಹಣ್ಣು ಚೀಲಕ್ಕೆ ಹಾಕಿಕೊಂಡು ಲಿಫ್ಟು ಹತ್ತಿದಳು. ಸ್ವಲ್ಪ ಹೊತ್ತಿಗೆ ಕಾವಲುಗಾರ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ.

“ಸಾರ್, ಲಿಫ್ಟು ಮೂರಕ್ಕೂ ನಾಲ್ಕಕ್ಕೂ ಮಧ್ಯೆ ನಿಂತುಬಿಟ್ಟಿದೆ! ಒಳಗೆ ನಿಮ್ಮಕ್ಕ, ಹಲ್ಲಿನ ಡಾಕ್ಟರಮ್ಮ, ಮತ್ತೆ ಸೆಕ್ರೆಟರಿ ಸಾಹೇಬ್ರು!”

ನಮ್ಮೂರಣ್ಣ ಪಾತ್ರೆ ಕೆಳಗಿಟ್ಟ. ಅಕ್ಕನ ಚಿಂತೆ ಒಂದು ಕಡೆ. ಇನ್ನೊಂದು ಕಡೆ, ಆ ಡಾಕ್ಟರಮ್ಮನನ್ನೂ ಸೆಕ್ರೆಟರಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಹಾಕುವುದೆಂದರೆ ಬೆಕ್ಕನ್ನೂ ನಾಯಿಯನ್ನೂ ಒಂದೇ ಚೀಲಕ್ಕೆ ತುಂಬಿದ ಹಾಗೆ. ಕಟ್ಟಡದ ಸಂಘದ ಸೆಕ್ರೆಟರಿಯವರ ಹೂಕುಂಡಗಳು ಡಾಕ್ಟರಮ್ಮನ ಕಾರು ನಿಲ್ಲಿಸುವ ಜಾಗದೊಳಕ್ಕೆ ಒಂದು ಗೇಣು ಬಂದಿದ್ದವು. ಆ ಒಂದು ಗೇಣಿಗಾಗಿ ಇಬ್ಬರೂ ವರ್ಷಗಟ್ಟಲೆಯಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೂರನೆಯ ಮಹಡಿಯ ಲಿಫ್ಟಿನ ಬಾಗಿಲ ಬೀಗ ಸವೆದಿದೆ, ಬದಲಿಸಬೇಕು ಎಂದು ನಮ್ಮೂರಣ್ಣ ಹೇಳುತ್ತಲೇ ಬಂದಿದ್ದ. ಮುಂದಿನ ಮೀಟಿಂಗಿಗೆ ನೋಡೋಣ ಎಂದು ಸೆಕ್ರೆಟರಿ ತಳ್ಳುತ್ತಲೇ ಬಂದಿದ್ದರು.

ಅವನು ಹತೋಡಿ, ಸ್ಪ್ಯಾನರ್ ತುಂಬಿದ ಪೆಟ್ಟಿಗೆ ಎತ್ತಿಕೊಂಡು ತಾರಸಿಯ ಮೇಲಿನ ಮೋಟಾರು ಕೋಣೆಗೆ ಓಡಿದ. ಮೊದಲು ದೊಡ್ಡ ಸ್ವಿಚ್ ಇಳಿಸಿ ಕರೆಂಟು ತೆಗೆದ. ಇನ್ನು ಒಂದು ಕೈಯಲ್ಲಿ ಬ್ರೇಕು ಸಡಿಲಿಸಿ, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ ಲಿಫ್ಟನ್ನು ಮೆಲ್ಲಗೆ ಮೂರನೆಯ ಮಹಡಿಗೆ ಇಳಿಸಬೇಕು. ಅದಕ್ಕೆ ಮುಂಚೆ ಎಲ್ಲ ಮಹಡಿಯ ಬಾಗಿಲುಗಳೂ ಮುಚ್ಚಿವೆಯೇ ಎಂದು ನೋಡಿ ಬರಲು ಕಾವಲುಗಾರನನ್ನು ಕಳಿಸಿ, ಗೋಡೆಯ ಮೇಲಿದ್ದ ಫೋನು ಎತ್ತಿದ. ಲಿಫ್ಟಿನೊಳಗಿನ ಸ್ಪೀಕರ್ ಫೋನಿಗೂ ಅದಕ್ಕೂ ನೇರ ಸಂಪರ್ಕ.

ಆ ಕಡೆಯಿಂದ ಅಕ್ಕನ ದನಿ, ಎಕ್ಸ್‌ಚೇಂಜಿನ ಹಳೆಯ ಗತ್ತಿನಲ್ಲಿ ಬಂತು. “ಹಲೋ, ಲಿಫ್ಟಿನಿಂದ ಮಾತಾಡ್ತಿರೋದು. ಇಲ್ಲಿ ಮೂರು ಜನ ಇದೀವಿ. ಒಬ್ಬರು ಅಳ್ತಿದ್ದಾರೆ, ಒಬ್ಬರು ಬೈತಿದ್ದಾರೆ. ನಾನು ಚೆನ್ನಾಗಿದೀನಿ.”

“ಅಕ್ಕಾ, ಹೆದರಬೇಡ. ಸ್ವಲ್ಪ ಹೊತ್ತು, ಇಳಿಸ್ತೀನಿ.”

“ನಿಧಾನಕ್ಕೆ ಮಾಡೋ, ನಮಗೇನೂ ಅವಸರ ಇಲ್ಲ” ಎಂದಳು ಅಕ್ಕ. ಹಿಂದಿನಿಂದ ಎರಡು ಗಂಟಲುಗಳು, “ಅವಸರ ಇದೆ!” ಎಂದು ಒಟ್ಟಿಗೆ ಕಿರುಚಿದವು. ಆ ಇಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ಅದೇ ಇರಬೇಕು.

ಎರಡೂ ಕೈ ಬೇಕಾದ್ದರಿಂದ ನಮ್ಮೂರಣ್ಣ ಫೋನನ್ನು ಕೊಕ್ಕೆಗೆ ಸಿಕ್ಕಿಸದೆ ಪೆಟ್ಟಿಗೆಯ ಮೇಲಿಟ್ಟ. ಮೋಟಾರು ನಿಂತು ಕೋಣೆ ನಿಶ್ಶಬ್ದವಾಗಿತ್ತು. ಒಳಗಿನ ಮಾತೆಲ್ಲ ಪಕ್ಕದಲ್ಲೇ ಕೂತು ಕೇಳಿದ ಹಾಗೆ ಕೇಳತೊಡಗಿತು.

“ತಗೊಳ್ಳಿ, ಹಣ್ಣು ತಿನ್ನಿ” ಅಕ್ಕನ ದನಿ. “ನೀವ್ಯಾಕೆ ಬೇಡ ಅಂತೀರಿ ಸಾರ್? ಕೆನ್ನೆ ಯಾಕೆ ಹಾಗೆ ಊದಿದೆ?”

“ಏನಿಲ್ಲ, ನನ್ನ ಕೆನ್ನೆ ಇರೋದೇ ಹೀಗೆ” ಸೆಕ್ರೆಟರಿ ಗೊಣಗಿದರು.

“ಒಂದೇ ಕೆನ್ನೆನಾ? ಹಲ್ಲುನೋವು ತಾನೇ? ಪಕ್ಕದಲ್ಲೇ ಡಾಕ್ಟರಮ್ಮ ನಿಂತಿದ್ದಾರೆ, ನೀವು ನೋಡಿದ್ರೆ ಕೆನ್ನೆ ಮುಚ್ಕೊಂಡು ನಿಂತಿದೀರಿ.”

“ಆಕೆ ಮುಂದೆ ನಾನು ಬಾಯಿ ತೆಗೆಯೋದಾ? ಸಾಧ್ಯವೇ ಇಲ್ಲ.”

“ಸೊಸೈಟಿ ಮೀಟಿಂಗಲ್ಲಿ ತೆಗೀತೀರಲ್ಲ, ಇಲ್ಲೂ ತೆಗೀರಿ” ಎಂದಿತು ಅಳು ನಿಲ್ಲಿಸಿದ ಹೆಣ್ಣುದನಿಯೊಂದು. ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಡಾಕ್ಟರಮ್ಮ, “ಮೊಬೈಲ್ ಲೈಟ್ ಇನ್ನೂ ಹತ್ತಿರ ಹಿಡೀರಮ್ಮ. ಅಯ್ಯೋ ದೇವರೇ! ಇದನ್ನ ಇಟ್ಕೊಂಡು ಹೇಗ್ರೀ ನಿದ್ದೆ ಮಾಡ್ತೀರಿ?” ಎಂದರು.

“ನಿದ್ದೆ ಎಲ್ಲಿ ಬರತ್ತೆ” ಎಂದರು ಸೆಕ್ರೆಟರಿ, ಬಾಯಲ್ಲಿ ಯಾರದೋ ಬೆರಳಿದ್ದಂತೆ. “ಊರಲ್ಲಿರೋ ಬೇರೆ ಡಾಕ್ಟರೆಲ್ಲ ದೂರ. ಇಲ್ಲಿಗೆ ಬಂದ್ರೆ ಕುಂಡ ಸರಿಸಬೇಕಾಗತ್ತೆ.”

“ಕುಂಡದಲ್ಲಿ ಹೂವಾದ್ರೂ ಬಿಟ್ಟಿದೆಯಾ?” ಅಕ್ಕ ಕೇಳಿದಳು.

“ಇನ್ನೂ ಇಲ್ಲ.”

“ಹೂವೇ ಬಿಡದ ಗಿಡಕ್ಕೆ ಇಷ್ಟು ದೊಡ್ಡ ಯುದ್ಧನಾ?”

ಡಾಕ್ಟರಮ್ಮ ಫಕ್ಕನೆ ನಕ್ಕರು. ಮೋಟಾರು ಕೋಣೆಯಲ್ಲಿ ನಮ್ಮೂರಣ್ಣನೂ ನಕ್ಕ. ನಗುತ್ತಲೇ ಅವನಿಗೆ ಒಂಥರಾ ಹೊಟ್ಟೆಕಿಚ್ಚಾಯಿತು. ಇಷ್ಟು ಭಾನುವಾರ ಬಾಗಿಲು ತೆಗೆದಿಟ್ಟು ಕಾದರೂ ಸಿಗದ ಹರಟೆ, ಮುಚ್ಚಿದ ಬಾಗಿಲಿನ ಹಿಂದೆ, ತಾನಿಲ್ಲದೆ ನಡೆಯುತ್ತಿತ್ತು.

“ನಿಮ್ಮ ತಮ್ಮ ಊರಿನ ವಿಷಯ ತುಂಬ ಹೇಳ್ತಿರ್ತಾರೆ. ಬಿಟ್ಟು ಬರೋಕೆ ಮನಸ್ಸೇ ಇರಲಿಲ್ವೇನೋ” ಎಂದರು ಡಾಕ್ಟರಮ್ಮ.

“ಅವನಾ? ಅರ್ಧ ತಲೇಲಿ ಓಡಿ ಬಂದವನು!”

ನಮ್ಮೂರಣ್ಣನ ನಗು ಅಲ್ಲಿಗೆ ನಿಂತಿತು.

“ಪರೀಕ್ಷೇಲಿ ಫೇಲಾಗಿದ್ದ. ಬೀದೀಲಿ ಹೋದ್ರೆ ಎಲ್ಲರದೂ ಅದೇ ಪ್ರಶ್ನೆ. ಹಾಲಿನವನು ಕೇಳ್ದ, ದರ್ಜಿ ಕೇಳ್ದ. ಕಟಿಂಗ್ ಅಂಗಡಿಗೆ ಹೋದ್ರೆ ಅವನು ಅರ್ಧ ತಲೆ ಕತ್ತರಿಸಿ, ಕತ್ತರಿ ನಿಲ್ಲಿಸಿ, ‘ಲೆಕ್ಕದಲ್ಲಿ ಎಷ್ಟು ಬಂತಪ್ಪಾ?’ ಅಂದ. ಇವನು ಹಾಗೇ ಎದ್ದು ನೇರ ಬಸ್ ಹತ್ತಿದ. ‘ಈ ಹಾಳೂರಲ್ಲಿ ಮನುಷ್ಯ ನೆಟ್ಟಗೆ ಉಸಿರಾಡಕ್ಕಾಗಲ್ಲ, ಇನ್ನು ಇಲ್ಲಿ ಕಾಲಿಟ್ರೆ ಕೇಳಿ’ ಅಂತ ಮೆಟ್ಟಿಲ ಮೇಲೆ ನಿಂತು ಕೂಗಿದ. ಆ ಕಟಿಂಗ್ ಅಂಗಡಿಯವನು ಬಸ್ ಹಿಂದೆ ಓಡಿದ, ಪಾಪ, ಬಾಕಿ ಅರ್ಧ ಮುಗಿಸ್ತೀನಿ ಬಾ ಅಂತ.”

ಲಿಫ್ಟಿನಲ್ಲಿ ಮೂವರೂ ನಕ್ಕ ನಗುವಿಗೆ ಫೋನು ಕರಕರ ಎಂದಿತು. ನಮ್ಮೂರಣ್ಣ ಅರಿವಿಲ್ಲದೆ ತಲೆ ಮುಟ್ಟಿ ನೋಡಿಕೊಂಡ. ಎಷ್ಟೋ ವರ್ಷದಿಂದ ಊರಿನ ಕತೆ ಹೇಳುತ್ತಾ ಬಂದವನು ಆ ಅರ್ಧ ತಲೆಯನ್ನು ಹೇಗೆ ಮರೆತಿದ್ದನೋ ಅವನಿಗೇ ತಿಳಿಯಲಿಲ್ಲ. ಬಸ್ಸಿನಲ್ಲಿ ಟವೆಲು ಸುತ್ತಿಕೊಂಡು ಬಿಕ್ಕುತ್ತಾ ಬಂದದ್ದು ಈಗ ನೆನಪಾಯಿತು.

“ಈಗ ನೋಡಿದ್ರೆ ಅದೇ ಊರನ್ನ ತಲೆ ಮೇಲೆ ಹೊತ್ಕೊಂಡು ಮೆರೆಸ್ತಾನೆ” ಅಕ್ಕ ಮುಂದುವರಿಸಿದಳು. ದನಿ ಸ್ವಲ್ಪ ತಗ್ಗಿತ್ತು. “ಅದಕ್ಕೇ ನನಗೆ ಬಾಯಿ ಬರ್ತಿಲ್ಲ. ಒಂದು ವಿಷಯ ಹೇಳೋಕೆ ಅಂತ ಬಂದೆ. ದಿನಾ ಹೇಳೋಣ ಅಂತೀನಿ, ಅವನು ‘ನಮ್ಮೂರಲ್ಲಿ’ ಅಂತ ಶುರು ಮಾಡ್ತಾನೆ, ನಾನು ಲಿಫ್ಟಿನ ಮಾತು ತೆಗೆದು ತಪ್ಪಿಸ್ಕೊತೀನಿ. ಮನೆ ಕೆಡವಿಸ್ತಿದೀನಿ ಡಾಕ್ಟರಮ್ಮ. ನಾವು, ಅಕ್ಕಪಕ್ಕದ ಮನೆಯವರು ಎಲ್ಲ ಸೇರಿ ಕಂಟ್ರಾಕ್ಟರಿಗೆ ಜಾಗ ಕೊಡ್ತಿದೀವಿ. ಅಲ್ಲೇ ನಾಲ್ಕು ಮಹಡಿ ಕಟ್ತಾರೆ. ಲಿಫ್ಟೂ ಇರತ್ತೆ. ಯಜಮಾನ್ರ ಮಂಡಿ ಹೋಗಿದೆ, ಆ ಹೊಸ್ತಿಲು ದಾಟೋಕೇ ಇಬ್ಬರು ಬೇಕು. ಮಳೆ ಬಂದ್ರೆ ಮನೇಲಿರೋ ಪಾತ್ರೆ ಎಲ್ಲ ಸೋರೋ ಕಡೆ ಇಡ್ತೀನಿ, ಅಡುಗೆಗೆ ಪಾತ್ರೆ ಉಳಿಯಲ್ಲ. ನನಗೂ ಸಾಕಾಯ್ತು.”

ಕಾವಲುಗಾರ ಬಾಗಿಲಲ್ಲಿ ತಲೆ ಹಾಕಿದ. “ಸಾರ್, ಎಲ್ಲಾ ಬಾಗಿಲೂ ಮುಚ್ಚಿವೆ. ಇಳಿಸಬಹುದು.”

ನಮ್ಮೂರಣ್ಣ ಚಕ್ರ ಮುಟ್ಟಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲೇ ಕೂತುಬಿಟ್ಟ. ಮನೆ ಬೀಳುತ್ತದೆಂದರೆ ಇನ್ನು ತಾನು ಮಾತಾಡುವುದು ಯಾವುದರ ಬಗ್ಗೆ? ಮೊದಲು ಬಂದ ಯೋಚನೆ ಅದೇ. ಆ ಯೋಚನೆಗೆ ಅವನಿಗೇ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಸೋರುವ ಮನೆಯಲ್ಲಿ ಪಾತ್ರೆಗಳನ್ನು ಅಲ್ಲಿಂದಿಲ್ಲಿಗೆ ಸರಿಸುತ್ತಾ ಓಡಾಡುವ ಅಕ್ಕ ಕಣ್ಣ ಮುಂದೆ ಬಂದಳು. ತಾನು ಹೇಳುವ ಕತೆಗಳಲ್ಲಿ ಒಂದು ದಿನವೂ ಮಳೆ ಸೋರಿದ್ದಿಲ್ಲ.

“ಏನ್ರೀ, ಯಾಕೆ ಇನ್ನೂ ಇಳಿಸ್ತಿಲ್ಲ?” ಫೋನಿನಲ್ಲಿ ಸೆಕ್ರೆಟರಿಯ ಕೂಗು.

“ಇರಲಿ ಬಿಡಿ, ಅವನಿಗೆ ಸ್ವಲ್ಪ ಹೊತ್ತು ಕೊಡಿ” ಎಂದಳು ಅಕ್ಕ. “ಇನ್ನೊಂದು ತೊಳೆ ತಿನ್ನಿ, ಆ ಕಡೆ ಹಲ್ಲಲ್ಲಿ.”

ಕೊನೆಗೆ ಅವನು ಎದ್ದ. ಬ್ರೇಕು ಸಡಿಲಿಸಿ, ಹಗ್ಗದ ಮೇಲೆ ಮಹಡಿ ತೋರಿಸುವ ಗುರುತು ನೋಡುತ್ತಾ, ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆಲ್ಲಗೆ ಲಿಫ್ಟು ಇಳಿಸಿದ. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದಾಗ ನೆರೆದಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ. ಡಾಕ್ಟರಮ್ಮ ಸೆಕ್ರೆಟರಿಯ ತೋಳು ಹಿಡಿದು ನೇರ ತಮ್ಮ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದರಂತೆ. ನಮ್ಮೂರಣ್ಣ ಅದನ್ನೆಲ್ಲ ನೋಡಲು ಕೆಳಗೆ ಹೋಗಲಿಲ್ಲ. ಪೆಟ್ಟಿಗೆಗೆ ಸ್ಪ್ಯಾನರುಗಳನ್ನು ತುಂಬುತ್ತಾ, ತೆಗೆಯುತ್ತಾ, ಮತ್ತೆ ತುಂಬುತ್ತಾ ಇದ್ದ.

ಅಕ್ಕ ಮೆಟ್ಟಿಲು ಹತ್ತಿ ತಾರಸಿಗೆ ಬಂದಳು. ತಂತಿಯ ಮೇಲೆ ಹಾರಾಡುತ್ತಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾ, “ಕೇಳಿಸ್ತಾ?” ಎಂದಳು.

“ಏನು?”

“ನಾಟಕ ಬೇಡ. ಲೈನು ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗದೇ ಇರೋಕೆ ನಾನೇನು ನಿನ್ನೆ ಮೊನ್ನೆ ಎಕ್ಸ್‌ಚೇಂಜಿಗೆ ಸೇರಿದವಳಾ? ನಿನ್ನ ಉಸಿರು ಕೇಳ್ತಿತ್ತು. ಚಿಕ್ಕಂದಿನಿಂದ ನಿನ್ನ ಮೂಗು ಸೀಟಿ ಹೊಡೆಯತ್ತೆ.”

ನಮ್ಮೂರಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. “ಹಾಗಾದ್ರೆ ಬೇಕು ಅಂತಲೇ ಹೇಳಿದ್ಯಾ?”

“ಮುಖ ನೋಡಿ ಹೇಳೋಕಾಗಲಿಲ್ಲ ಕಣೋ. ಫೋನಲ್ಲಾದ್ರೆ ನನಗೆ ಧೈರ್ಯ.”

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲಕ್ಕ.”

“ಕೇಳಿದ್ರೆ ನೀನು ಬರ್ತಿದ್ದೆ, ಗೋಡೆ ತಬ್ಕೊಂಡು ಅಳ್ತಿದ್ದೆ, ಬೇಡ ಅಂತಿದ್ದೆ, ಸಂಜೆ ಬಸ್ ಹತ್ತಿ ಹೋಗ್ತಿದ್ದೆ. ಪಾತ್ರೆ ಹಿಡ್ಕೊಂಡು ಓಡಾಡೋಳು ನಾನು ತಾನೇ?”

ಸಂಜೆ ಬಸ್ಸಿನ ಮಾತು ಅವನಿಗೆ ಸರಿಯಾಗಿ ನಾಟಿತ್ತು. ಅಕ್ಕ ಒಂದು ಬೆಡ್‌ಶೀಟಿನ ತುದಿ ಅವನ ಕೈಗೆ ಕೊಟ್ಟಳು. ಇಬ್ಬರೂ ಆ ತುದಿ ಈ ತುದಿ ಹಿಡಿದು ಕೊಡವಿ ಮಡಚಿದರು.

“ಯಾವ ಮಹಡಿ ತಗೊಳ್ತಿದೀಯ?” ಕೊನೆಗೆ ಕೇಳಿದ ಅವನು, ನೆಲ ನೋಡುತ್ತಾ.

“ಮೇಲಿಂದು. ಇಷ್ಟು ವರ್ಷ ನೆಲದ ಮೇಲೇ ಇದ್ದು, ಯಾರು ಎಲ್ಲಿ ಹೋಗ್ತಾರೆ ಅಂತ ಇಣುಕಿ ಇಣುಕಿ ಕತ್ತು ನೋವು ಬಂದಿದೆ. ಇನ್ನು ಆರಾಮಾಗಿ ಕೂತು ನೋಡ್ತೀನಿ.”

“ಯಾವ ಲಿಫ್ಟು ಹಾಕಿಸ್ತಿದ್ದಾರೆ?”

“ಕಂಟ್ರಾಕ್ಟರು ಯಾವುದೋ ಹೇಳಿದ. ಕಬ್ಬಿಣದ ಜಾಲರಿ ಬಾಗಿಲಂತೆ, ನಾವೇ ಎಳೆದು ಹಾಕ್ಕೋಬೇಕಂತೆ.”

ನಮ್ಮೂರಣ್ಣನಿಗೆ ಮನೆ ಕೆಡವುವ ಸುದ್ದಿಗೆ ಬಂದದ್ದಕ್ಕಿಂತ ಹೆಚ್ಚಿನ ಕೋಪ ಈಗ ನೆತ್ತಿಗೇರಿತು. “ಜಾಲರಿ ಬಾಗಿಲಾ? ಬೆರಳು ಸಿಕ್ಕಿದ್ರೆ ಯಾರಪ್ಪ ಜವಾಬ್ದಾರಿ? ಅವನಿಗೆ ತಲೆ ನೆಟ್ಟಗಿದೆಯಾ? ಫೋನ್ ಕೊಡು ಇಲ್ಲಿ!”

ಮೊಬೈಲುಗಳೆಲ್ಲ ಪಾತ್ರೆಯಲ್ಲಿದ್ದವು. ಅವನೇ ಹೋಗಿ ಮುಚ್ಚಳ ತೆಗೆದ. ಹೆಂಡತಿಯೂ ಮಗಳೂ ತಮ್ಮತಮ್ಮ ಮೊಬೈಲು ಎತ್ತಿಕೊಂಡರು.

ಆ ವಾರ ಅಕ್ಕನ ಜೊತೆ ಅವನೂ ಬಸ್ಸು ಹತ್ತಿದ. ಬೆಳಿಗ್ಗೆ ಇಳಿದವನು ಸಂಜೆಯ ಬಸ್ಸಿಗೆ ಬರಲಿಲ್ಲ. ಮಾರನೆಯ ದಿನದ ಬಸ್ಸಿಗೂ ಬರಲಿಲ್ಲ. ಭಾವನನ್ನು ಹೊಸ್ತಿಲು ದಾಟಿಸುವ ಇಬ್ಬರಲ್ಲಿ ಒಬ್ಬನಾದ. ಕಂಟ್ರಾಕ್ಟರನ ಎದುರು ಕೂತು, ಅವನು ಕೊಟ್ಟ ಚಹಾ ಮುಟ್ಟದೆ, ಯಾವ ಬಾಗಿಲು, ಯಾವ ಬ್ರೇಕು, ಕರೆಂಟು ಹೋದರೆ ತಾನಾಗಿ ಹತ್ತಿರದ ಮಹಡಿಗೆ ಬಂದು ನಿಲ್ಲುವ ವ್ಯವಸ್ಥೆ ಯಾವುದು ಎಂದು ಪಾಠ ಮಾಡಿದ. “ಇದರಲ್ಲಿ ಹತ್ತೋಳು ನನ್ನಕ್ಕ” ಎಂದು ಮಾತುಮಾತಿಗೆ ಮೇಜು ಕುಟ್ಟಿದ. ಕಂಟ್ರಾಕ್ಟರು ಇವನನ್ನು ಬೇಗ ಕಳಿಸುವ ದಾರಿ ಒಪ್ಪಿಕೊಳ್ಳುವುದೊಂದೇ ಎಂದು ಕಂಡುಕೊಂಡ.

ಮನೆ ಬಿದ್ದ ದಿನ ನಮ್ಮೂರಣ್ಣ ಅಲ್ಲಿರಲಿಲ್ಲ. ಧೈರ್ಯವಾಗಲಿಲ್ಲ. ಆದರೆ ಕಟ್ಟಡ ಎದ್ದು ನಿಂತು ಲಿಫ್ಟು ಕೂರಿಸುವ ಹೊತ್ತಿಗೆ ರಜೆ ಹಾಕಿ ಬಂದ. ಕೂರಿಸುವವರ ಬೆನ್ನ ಹಿಂದೆಯೇ ನಿಂತು ಅವರ ಪ್ರಾಣ ತಿಂದ. ಎಲ್ಲ ಸರಿಯಾಗಿದೆಯೆಂದು ತಾನೇ ಹತ್ತಾರು ಸಲ ಏರಿ ಇಳಿದು ನೋಡಿದ ಮೇಲೆಯೇ ಅಕ್ಕನನ್ನು ಕರೆದ.

ಅಕ್ಕ, ಊರುಗೋಲು ಹಿಡಿದ ಭಾವ, ಹೆಂಡತಿ, ಮಗಳು ಎಲ್ಲ ಒಳಗೆ ಬಂದರು. ನಮ್ಮೂರಣ್ಣ ಗುಂಡಿ ಒತ್ತಲು ಕೈ ಎತ್ತಿದವನು ಮತ್ತೆ ಇಳಿಸಿದ.

“ಅಕ್ಕಾ, ಈ ಲಿಫ್ಟು ಬಂದಿರೋ ಜಾಗ ಯಾವುದು ಗೊತ್ತಾ?” ಎಂದ, ದನಿ ಭಾರವಾಗಿ. “ನಮ್ಮ ಅಡುಗೆಮನೆ. ಸರಿಯಾಗಿ ಇಲ್ಲೇ ಅಮ್ಮ ಒಲೆ ಮುಂದೆ ಕೂರ್ತಿದ್ಲು.”

ಅಕ್ಕ ಸುತ್ತ ನೋಡಿದಳು. “ಅಡುಗೆಮನೆ ಆ ಕಡೆ ಕಣೋ. ಇದು ಬಚ್ಚಲು.”

“ಇಲ್ಲಕ್ಕಾ, ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.”

“ಬಚ್ಚಲೂ ಅಲ್ಲ” ಎಂದರು ಭಾವ. “ಸೌದೆ ಒಟ್ಟೋ ಜಾಗ. ನನ್ನ ಕಾಲಿಗೆ ಚೇಳು ಕಚ್ಚಿದ್ದು ಇಲ್ಲೇ.”

ಮಗಳು ಗುಂಡಿ ಒತ್ತಿದಳು, ಲಿಫ್ಟು ಏರಿತು. ಮೊದಲ ಮಹಡಿಯಲ್ಲಿ ಬಾಗಿಲು ತೆರೆದಾಗ ಹಳೆಯ ಪಕ್ಕದ ಮನೆಯಾಕೆ ನಿಂತಿದ್ದಳು. ವಿಷಯ ಕೇಳಿ, ಅಲ್ಲಿದ್ದದ್ದು ನಿಮ್ಮ ಮನೆಯೇ ಅಲ್ಲ, ನಮ್ಮ ದನದ ಕೊಟ್ಟಿಗೆ ಎಂದು ಹೇಳಿ ಒಳಗೆ ಬಂದಳು. ಎರಡನೆಯ ಮಹಡಿಯಲ್ಲಿ ಹತ್ತಿದ ಹಿಂದಿನ ಬೀದಿಯ ದರ್ಜಿ ಅಲ್ಲಿದ್ದದ್ದು ಬಾವಿ ಎಂದ. ಬಾವಿ ಎಂದರೆ ಯಾವ ಬಾವಿ, ನಿಮ್ಮ ತಾತನ ಕಾಲಕ್ಕೇ ಮುಚ್ಚಿತ್ತಲ್ಲ ಎಂದು ಆಕೆ ಅವನ ಮೇಲೆ ಹರಿಹಾಯ್ದಳು. ಅಕ್ಕ ಎಲ್ಲರಿಗಿಂತ ಮೇಲೆ ದನಿ ಎತ್ತಿ, ಒಬ್ಬೊಬ್ಬರಾಗಿ ಮಾತಾಡಿ, ಲೈನು ಕ್ಲಿಯರ್ ಇಲ್ಲ ಎಂದಳು. ನಾಲ್ಕನೆಯ ಮಹಡಿ ಬಂತು, ಬಾಗಿಲು ತೆರೆಯಿತು. ಯಾರೂ ಇಳಿಯಲಿಲ್ಲ. ಬಾಗಿಲು ಮುಚ್ಚಿತು.

“ಕೆಳಗೆ ಹೋಗಿ ಇನ್ನೊಂದು ಸಲ ನೋಡೋಣ ನಡೀರಿ” ಎಂದ ನಮ್ಮೂರಣ್ಣ, ಗುಂಡಿ ಒತ್ತಿ.